ಹ್ಯಾಶ್ ಒತ್ತಿದರೆ ಮೆಜೆಸ್ಟಿಕ್

ನಮ್ಮ ಆಫೀಸಿನಲ್ಲಿ ಮೂರು ವಾರದಿಂದ ಒಂದು ಘನಕಾರ್ಯ ನಡೆದಿದೆ. ಪುಟದ ಮೇಲ್ಗಡೆ 'ಹಣ ವಾಪಸಾತಿ' ಅಂತ ಒಂದು ಲಿಂಕ್ ಇದೆ. ಒತ್ತಿದರೆ ಅದೇ ಪುಟದ ಕೆಳಗಡೆ ಇರುವ 'ಹಣ ವಾಪಸಾತಿ' ತಲೆಬರಹದ ಹತ್ತಿರ ಹೋಗಿ ನಿಲ್ಲಬೇಕು. ಇಷ್ಟೇ ಕೆಲಸ. 2023ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರಿನ ಪೀಣ್ಯದಲ್ಲಿ ಕೂತವರು ಚಂದ್ರನ ದಕ್ಷಿಣ ಧ್ರುವದ ಹತ್ತಿರ ನೌಕೆ ಇಳಿಸಿದರು. ನಾವು ಪೀಣ್ಯದಿಂದ ಬಹಳ ದೂರವೇನಿಲ್ಲ. ಆದರೂ ಎರಡು ಸಾವಿರ ಪಿಕ್ಸೆಲ್ ಕೆಳಗೆ ಇಳಿಯುವುದು ನಮ್ಮ ಕೈಲಿ ಆಗುತ್ತಿಲ್ಲ.

ಇದೇನು ಹೊಸ ವಿದ್ಯೆಯಲ್ಲ. ಜಿನೀವಾ ಪಕ್ಕದ ಸರ್ನ್‌ನಲ್ಲಿ ಕೂತು ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟಿ 1991ರಲ್ಲಿ ಲೋಕದ ಮುಂದಿಟ್ಟಾಗಲೇ ಇದು ಅದರಲ್ಲಿತ್ತು. ಲಿಂಕ್ ಹಾಕುವ ಟ್ಯಾಗ್‌ಗೆ 'ಎ' ಅಂತ ಹೆಸರಿಟ್ಟಿದ್ದೇ ಆ್ಯಂಕರ್, ಅಂದರೆ ಲಂಗರು, ಅನ್ನುವ ಅರ್ಥದಲ್ಲಿ. (ನಮ್ಮತ್ತೆಗೆ ಆ್ಯಂಕರ್ ಅಂದರೆ ಟೀವಿಯಲ್ಲಿ ಕಿರುಚುವವನು. ಅವನೂ ಕೇಳಿದ ವಿಷಯಕ್ಕೆ ಬರುವುದಿಲ್ಲ ಅನ್ನುವುದು ಬೇರೆ ಮಾತು.) ವಿಳಾಸದ ಕೊನೆಗೆ ಒಂದು # ಹಾಕಿ, ಜಾಗದ ಹೆಸರು ಬರೆದರೆ ಮುಗಿಯಿತು. ಹ್ಯಾಶ್‌ನಿಂದಾಚೆಗಿನದು ಸರ್ವರ್‌ಗೆ ಹೋಗುವುದೇ ಇಲ್ಲ. ಬ್ರೌಸರ್ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದು, ಪುಟ ಬಂದಮೇಲೆ ಬಿಚ್ಚಿ ಓದಿ, ಆ ಹೆಸರಿನ ಜಾಗ ಹುಡುಕಿ, ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಒಂದು ಸಾಲು ಜಾವಾಸ್ಕ್ರಿಪ್ಟ್ ಬೇಡ.

ಇಷ್ಟು ಸಲೀಸಾಗಿ ನಡೆಯುವುದನ್ನು ಕಂಡರೆ ಎಂಜಿನಿಯರ್‌ಗಳಿಗೆ ನಿದ್ದೆ ಬರುತ್ತದೆಯೇ? ಹಾಗಾಗಿ 'ಸಿಂಗಲ್ ಪೇಜ್ ಆ್ಯಪ್' ಬಂತು. ಇಡೀ ಸೈಟಿಗೆ ಒಂದೇ ಪುಟ. ಲಿಂಕ್ ಒತ್ತಿದ್ದನ್ನು ಬ್ರೌಸರ್‌ಗೆ ಬಿಡದೆ ರೂಟರ್ ಅನ್ನುವ ಮಹಾಶಯ (ವೈಫೈ ಡಬ್ಬಿಯಲ್ಲ, ಯಾವ ವಿಳಾಸಕ್ಕೆ ಏನು ತೋರಿಸಬೇಕು ಅಂತ ನಿರ್ಧರಿಸುವ ಕೋಡ್) ಅಡ್ಡ ಹಾಕುತ್ತಾನೆ. ಇರುವುದೇ ಒಂದು ಪುಟ, ಆ ಒಂದು ಪುಟದೊಳಗೇ ದಾರಿ ತಪ್ಪಿತು. ಹ್ಯಾಶ್ ಗುರುತಂತೂ ಒತ್ತುವರಿ ಜಮೀನಾಯಿತು. 2010ರಲ್ಲಿ ಟ್ವಿಟರ್ ತನ್ನ ವಿಳಾಸಗಳಿಗೆಲ್ಲ ಹ್ಯಾಶ್ ಮತ್ತು ಆಶ್ಚರ್ಯಸೂಚಕ ಸಿಕ್ಕಿಸಿತು. 2012ರಲ್ಲಿ ತಾನೇ ಕೀಳಲು ಹೊರಟಿತು. ಆಶ್ಚರ್ಯಸೂಚಕ ಇಟ್ಟಿದ್ದು ಮಾತ್ರ ಸರಿಯಾಗಿಯೇ ಇತ್ತು.

ಆಮೇಲೆ ಬಂದ ಫ್ರೇಮ್‌ವರ್ಕ್‌ಗಳು, ಅಂದರೆ ಇಂಥ ಸೈಟ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳು, ಹ್ಯಾಶ್ ಬಿಟ್ಟುಕೊಟ್ಟವು, ಅದು ಮಾಡುತ್ತಿದ್ದ ಕೆಲಸವನ್ನು ಮಾತ್ರ ವಾಪಸು ಕೊಡಲಿಲ್ಲ. ಅಂಥದ್ದೇ ಒಂದಾದ ಆ್ಯಂಗ್ಯುಲರ್‌ನ ಹೊಸ ಅವತಾರ ಬಂದಿದ್ದು 2016ರಲ್ಲಿ. ಹೇಳಿದ ಜಾಗಕ್ಕೆ ಸ್ಕ್ರಾಲ್ ಆಗುವ ಆಯ್ಕೆ ರೂಟರ್‌ನಲ್ಲಿ ಸೇರಿದ್ದು 2018ರ 6.1ನೇ ಆವೃತ್ತಿಯಲ್ಲಿ. ಸೇರಿತು ಅಂತ ಹಿಗ್ಗಬೇಡಿ, ಅದು ತಾನಾಗಿ ಚಾಲೂ ಇರಲಿಲ್ಲ. ಅರ್ಜಿ ಹಾಕಿಕೊಂಡವರಿಗೆ ಮಾತ್ರ. ಮೈಕ್ರೋಸಾಫ್ಟ್‌ನ ಬ್ಲೇಜರ್ ಅನ್ನುವ ಫ್ರೇಮ್‌ವರ್ಕ್‌ಗೆ ಇದು ದಕ್ಕಲು 2023ರ ಡಾಟ್‌ನೆಟ್ 8 ಬರಬೇಕಾಯಿತು, ಅದೂ ಹೊಸ ಸೌಲಭ್ಯಗಳ ಪಟ್ಟಿಯಲ್ಲಿ. ಹಿತ್ತಲ ಬಾವಿ ಮುಚ್ಚಿಸಿ, ಮೂವತ್ತು ವರ್ಷದ ಮೇಲೆ ನಲ್ಲಿ ಹಾಕಿಸಿಕೊಟ್ಟು, ರಿಬ್ಬನ್ ಕತ್ತರಿಸಿದ ಹಾಗೆ.

ಇನ್ನು ನಮ್ಮ ಆಫೀಸಿನ ಕಥೆ. ಯಾವ ಫ್ರೇಮ್‌ವರ್ಕ್ ಅಂತ ಹೇಳುವುದಿಲ್ಲ, ಅದರ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಮೊದಲ ದಿನ 'ಹಣ ವಾಪಸಾತಿ' ಒತ್ತಿದರೆ ನೇರ ಹೋಂ ಪೇಜಿಗೆ ಹೋಯಿತು. ಕಾರಣ, ಪುಟದ ತಲೆಯಲ್ಲಿ 'ಬೇಸ್' ಅಂತ ಒಂದು ಟ್ಯಾಗ್ ಕೂತಿತ್ತು. ಅದಿದ್ದರೆ ಬರೀ ಹ್ಯಾಶ್ ಇರುವ ಲಿಂಕ್ ಕೂಡ ಇರುವ ಪುಟ ಬಿಟ್ಟು ಆ ಬೇಸ್‌ನಿಂದ ಲೆಕ್ಕ ಶುರುಮಾಡುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಿಂತು ಮೂರನೇ ಬ್ಲಾಕಿಗೆ ಟಿಕೆಟ್ ಕೇಳಿದರೆ, ಕಂಡಕ್ಟರ್ ಮೆಜೆಸ್ಟಿಕ್‌ನಲ್ಲಿ ಇಳಿಸಿ 'ಇಲ್ಲಿಂದ ಎಲ್ಲಾ ಕಡೆ ಬಸ್ಸಿದೆ ಸಾರ್' ಅಂದಂತೆ.

ಅದನ್ನು ಸರಿಮಾಡಿದೆವು. ಈಗ ವಿಳಾಸ ಬದಲಾಗುತ್ತದೆ, ಪುಟ ಅಲ್ಲಾಡುವುದಿಲ್ಲ. ಯಾಕೆಂದರೆ ರೂಟರ್ ಹುಡುಕಲು ಹೋದಾಗ ತಲೆಬರಹ ಇನ್ನೂ ಹುಟ್ಟಿಯೇ ಇರಲಿಲ್ಲ. ಅದರ ಡೇಟಾ ಸರ್ವರ್‌ನಿಂದ ಬರುತ್ತಿತ್ತು, ದಾರಿಯಲ್ಲಿತ್ತು. ಇದಕ್ಕೆ ನಮ್ಮ ಸೀನಿಯರ್ ಒಬ್ಬರು ಹೇಳಿದ ಪರಿಹಾರ ಸೆಟ್‌ಟೈಮ್‌ಔಟ್. ಅಂದರೆ ಈಗ ಬೇಡ, ಸ್ವಲ್ಪ ತಡೆದು ಹೋಗು ಅಂತ ಬರೆದಿಡುವುದು. ತೊಂಬತ್ತರ ದಶಕದಲ್ಲಿ ನಮ್ಮೂರ ಬಾಗಿಲ ಮೇಲೆಲ್ಲ ದೆವ್ವಕ್ಕೆ 'ನಾಳೆ ಬಾ' ಅಂತ ಬರೆದಿದ್ದರಲ್ಲ, ಅದೇ. ಮೊದಲು 100 ಮಿಲಿಸೆಕೆಂಡ್ ಬರೆದೆವು. ಆಫೀಸಿನ ವೈಫೈಗೆ ಸಾಕಾಯಿತು, ಕ್ಯಾಂಟೀನಿನಲ್ಲಿ ಸಾಲಲಿಲ್ಲ. 300 ಮಾಡಿದೆವು. ಕೊನೆಗೆ 800ಕ್ಕೆ ಬಂದು ನಿಂತೆವು. 800 ಯಾಕೆ ಅಂತ ಕೇಳಿದರೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ದೆವ್ವಕ್ಕೂ ಗೊತ್ತಿಲ್ಲ.

ಆಮೇಲೆ ಪುಟ ಸರಿಯಾದ ಜಾಗಕ್ಕೇ ಹೋಯಿತು, ತಲೆಬರಹ ಕಾಣಲಿಲ್ಲ. ಮೇಲೆ ಅಂಟಿಕೊಂಡಿರುವ ಹೆಡರ್‌ನ ಹಿಂದೆ ಅದು ಅಡಗಿತ್ತು. ಮದುವೆ ಮನೆಯಲ್ಲಿ ಮಾಂಗಲ್ಯಧಾರಣೆ ನೋಡಬೇಕೆಂದು ಮುಂದಿನ ಸಾಲಿನಲ್ಲೇ ಕೂತವರಿಗೆ ಫೋಟೋಗ್ರಾಫರ್ ಬೆನ್ನು ಕಂಡ ಹಾಗೆ. ಇದಕ್ಕೆ 'ಸ್ಕ್ರಾಲ್ ಮಾರ್ಜಿನ್ ಟಾಪ್' ಅಂತ ಒಂದೇ ಸಾಲಿನ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಇದೆ. ಒಂದೇ ಸಾಲು ಅಂದಮೇಲೆ ಅದನ್ನು ಯಾರೂ ನಂಬಲಿಲ್ಲ, ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದೆವು.

ಇಷ್ಟು ಹೊತ್ತಿಗೆ ಕನ್ನಡ ಪುಟದ ಸರದಿ. ಇಂಗ್ಲಿಷಿನಲ್ಲಿ ಎಲ್ಲ ನೆಟ್ಟಗಿದೆ, ಕನ್ನಡದಲ್ಲಿ ಒತ್ತಿದರೆ ಕಲ್ಲಿನ ಬಸವ. ತಲೆಬರಹದಿಂದ ಲಂಗರಿನ ಹೆಸರು ತಯಾರಿಸುವ ನಮ್ಮ ಕೋಡ್ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಕಸ ಅಂತ ಗುಡಿಸುತ್ತಿತ್ತು. ಕನ್ನಡದ ಇಪ್ಪತ್ತು ತಲೆಬರಹಕ್ಕೂ ಒಂದೇ ಹೆಸರು: ಖಾಲಿ. ಉತ್ಸಾಹಿ ಹುಡುಗನೊಬ್ಬ 'ಯಾವ ಭಾಷೆಯ ಅಕ್ಷರವಾದರೂ ಇರಲಿ' ಅಂತ ತಿದ್ದಿದ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮ (್) ಅಕ್ಷರಗಳಲ್ಲ, ಬರೀ ಗುರುತುಗಳು; ಅವು ಉದುರಿಹೋದವು. 'ಕರ್ನಾಟಕ' ಹೋಗಿ 'ಕರನಟಕ' ಆಯಿತು. ಒಂದನೇ ಕ್ಲಾಸಿನಲ್ಲಿ ಹೀಗೆ ಬರೆದಿದ್ದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಇಲ್ಲಿ ಮೂರು ಜನ ರಿವ್ಯೂ ಮಾಡಿ ಅಪ್ರೂವ್ ಒತ್ತಿದರು. ಗುರುತುಗಳನ್ನೂ ಉಳಿಸಿದಾಗ ಹೆಸರು ಸರಿಹೋಯಿತು. ಲಿಂಕನ್ನು ವಾಟ್ಸಾಪ್‌ಗೆ ಅಂಟಿಸಿ ನೋಡಿ ಕ್ಲೈಂಟ್ 'ಇದೇನು ವೈರಸ್ಸಾ?' ಅಂದರು. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಗುಣಿತ, ವಿರಾಮ ಸೇರಿ ಏಳು ಸಂಕೇತಗಳ 'ಕರ್ನಾಟಕ' ಒಂದಕ್ಕೇ 63.

ಅಂತೂ ಮೊನ್ನೆ ಸೋಮವಾರ ಲೈವ್ ಆಯಿತು. ಬಿಡುಗಡೆ ಟಿಪ್ಪಣಿಯಲ್ಲಿ 'ಸುಧಾರಿತ ಸಂಚಾರ ಅನುಭವ' ಅಂತ ಬರೆದೆವು. ಮಧ್ಯಾಹ್ನ ಟೆಸ್ಟರ್ ಹುಡುಗಿಯಿಂದ ಟಿಕೆಟ್, ಅಂದರೆ ದೋಷದ ದೂರು, ಬಂತು: ಮೊದಲ ಸಲ ಒತ್ತಿದರೆ ಹೋಗುತ್ತದೆ, ಬೆರಳಲ್ಲಿ ಸರಿಸಿ ಮೇಲೆ ಬಂದು ಅದನ್ನೇ ಮತ್ತೆ ಒತ್ತಿದರೆ ಹೋಗುವುದಿಲ್ಲ. ನೋಡಿದೆವು. ವಿಳಾಸದಲ್ಲಿ ಆಗಲೇ 'ಹಣ ವಾಪಸಾತಿ' ಅಂತ ಇದೆ. ಬದಲಾವಣೆ ಏನೂ ಇಲ್ಲವಲ್ಲ, ಮತ್ತೇಕೆ ಹೋಗಬೇಕು ಅನ್ನುವುದು ರೂಟರ್ ವಾದ. ಪಿಂಚಣಿ ಕೌಂಟರ್‌ನಲ್ಲಿ ಕಣ್ಣೆದುರಿಗೆ ನಿಂತವರಿಗೆ 'ದಾಖಲೆ ಪ್ರಕಾರ ನೀವು ತೀರಿಕೊಂಡಿದ್ದೀರಿ' ಅನ್ನುತ್ತಾರಲ್ಲ, ಅದೇ ನಿಷ್ಠೆ.

ಮ್ಯಾನೇಜರ್ ಟಿಕೆಟ್ಟನ್ನು ಎರಡು ಸಲ ಓದಿದರು. "ಒಂದೇ ಲಿಂಕನ್ನ ಎರಡನೇ ಸಲ ಯಾರ್ರೀ ಒತ್ತುತ್ತಾರೆ?" ಅಂದರು, ಒತ್ತುತ್ತಾ.