ಎರಡು ಕವಳದಷ್ಟು ದೂರ

ನಮ್ಮ ಮನೆ ಡಾಂಬರು ರಸ್ತೆಯಿಂದ ಎಷ್ಟು ದೂರ ಎಂಬುದಕ್ಕೆ ಊರಿನಲ್ಲಿ ನಾಲ್ಕು ಉತ್ತರಗಳಿವೆ. ಅಪ್ಪಯ್ಯ ಇದ್ದಾಗ ಒಂದೂವರೆ ಮೈಲಿ ಎನ್ನುತ್ತಿದ್ದ. ತಂಗಿಯ ಮದುವೆಯ ಕರೆಯೋಲೆಯಲ್ಲಿ ‘ಬಸ್ ಸ್ಟಾಪಿನಿಂದ 2 ಕಿ.ಮೀ.’ ಎಂದು ಅಚ್ಚಾಗಿದೆ. ದೂರ ಕೇಳಿ ನೆಂಟರು ಹಿಂದೆ ಸರಿದಾರು ಎಂಬ ಹೆದರಿಕೆಗೆ ಸ್ವಲ್ಪ ಮುರಿದು ಹೇಳಿದ್ದು. ಆಟೋದವನು ಮೂರು ಎನ್ನುತ್ತಾನೆ, ಮೂರರ ಬಾಡಿಗೆಯನ್ನೇ ತೆಗೆದುಕೊಳ್ಳುತ್ತಾನೆ. ಕೆಳಗಿನ ಮನೆ ಅಜ್ಜನ ಪ್ರಕಾರ ಎರಡು ಕವಳದಷ್ಟು ದೂರ. ಅಂಗಳದಲ್ಲಿ ಬಾಯಿಗೆ ಹಾಕಿದ ಎಲೆಯಡಿಕೆಯ ಕವಳ ಹಳ್ಳದ ಹತ್ತಿರ ಮುಗಿಯುತ್ತದೆ, ಅಲ್ಲಿ ಇನ್ನೊಂದು ಹಾಕಿದರೆ ಅದು ಮುಗಿಯುವ ಹೊತ್ತಿಗೆ ಬಸ್ಸು. ಸೈಕಲ್ಲಿಗೆ ದೂರ, ವೇಗ ಅಳೆದು ತೋರಿಸುವ ಜಿಪಿಎಸ್ ಕಂಪ್ಯೂಟರ್ ಬೇಕು ಎಂದು ಮನೆಯಲ್ಲಿ ಹೇಳುವಾಗ ನಾನು ಆರೋಗ್ಯದ ಹೆಸರು ತೆಗೆದೆನಾದರೂ, ಒಳಗಿದ್ದ ಕಾರಣ ಈ ಆಟೋದವನು.

‘ಫೋನ್ ಇದ್ದಲ್ಲ’ ಎಂದಳು ಹೆಂಡತಿ. ಇತ್ತು. ಹ್ಯಾಂಡಲ್ಲಿಗೆ ಕಟ್ಟಿಕೊಂಡು ಹೋಗಿಯೂ ನೋಡಿದೆ. ಶಿರಸಿಯ ಜೂನ್ ತಿಂಗಳು. ಪರದೆಯ ಮೇಲೆ ಬಿದ್ದ ಹನಿಯನ್ನು ಫೋನು ಬೆರಳೆಂದೇ ತಿಳಿಯಿತು. ನಕ್ಷೆ ತಾನಾಗಿ ಜಾರಿ ಎಲ್ಲೋ ಹೋಯಿತು, ಒಂದು ಜೋರು ಮಳೆಗೆ ಅತ್ತಿಗೆಗೆ ವಿಡಿಯೋ ಕಾಲ್ ಕೂಡ ಹೋಯಿತು. ರೇನ್‌ಕೋಟಿನ ಟೊಪ್ಪಿಗೆಯೊಳಗೆ ಏದುಸಿರು ಬಿಡುತ್ತಿದ್ದ ನನ್ನ ಮುಖ ನೋಡಿ ಆಕೆ ಗಾಬರಿಬಿದ್ದಳು. ಆವತ್ತೇ ಒಂದು ಸಂಗತಿ ತೀರ್ಮಾನವಾಯಿತು: ಯಾವುದನ್ನೇ ಕೊಳ್ಳಲಿ, ಅದಕ್ಕೆ ಒತ್ತುವ ಗುಂಡಿಗಳಿರಬೇಕು.

ಉಳಿದದ್ದು ಅಷ್ಟು ಸುಲಭಕ್ಕೆ ತೀರ್ಮಾನವಾಗಲಿಲ್ಲ. ಗಾರ್ಮಿನ್, ವಾಹೂ, ಬ್ರೈಟನ್, ಐಜಿಪಿಸ್ಪೋರ್ಟ್ ಎಂದು ಕಂಪನಿಗಳು, ಒಂದೊಂದರಲ್ಲೂ ನಂಬರು ಹಾಕಿದ ಐದಾರು ಮಾದರಿಗಳು. ಆಕಳು ಕೊಳ್ಳುವವನು ಹಲ್ಲು ಎಣಿಸಿ ಸುಳಿ ನೋಡುವ ಹಾಗೆ ರಾತ್ರಿಯೆಲ್ಲ ಕುಳಿತು ಅವುಗಳ ಬ್ಯಾಟರಿ, ತೂಕ, ಪರದೆಯ ಅಳತೆ ನೋಡಿದೆ. ಮೇಲಿನ ಸಾಲಿನವುಗಳ ಬೆಲೆ ಕಂಡಾಗ ಚಾಲಿ ಅಡಿಕೆಯ ಕ್ವಿಂಟಲ್ ದರ ನೆನಪಾಗಿ ಫೋನು ಮಗುಚಿಟ್ಟು ಮಲಗಿದೆ. ಕೊನೆಗೆ ಬೆಂಗಳೂರಿನಲ್ಲಿರುವ ತಂಗಿಯ ಮಗನೇ ಕನಿಕರಪಟ್ಟ. ಅವನು ಹದಿಮೂರೂವರೆ ತಾಸಿನೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ ಎಂಬ ಸವಾರಿಗಳಿಗೆ ಹೋಗುವವ. ‘ಮಾವ, ಒಂದ್ ತಿಂಗ್ಳು ಯಂದೇ ಇಟ್ಕಂಡು ನೋಡು’ ಎಂದು ಊರಿಗೆ ಬಂದಾಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ವಸ್ತುವೊಂದನ್ನು ಬಿಟ್ಟುಹೋದ. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಹೇಳದೇ ಇದ್ರೆ ನಿಂಗೆ ಮನೆಗೆ ಬಪ್ಲೆ ಗೊತ್ತಾಗ್ತಿಲ್ಯ?’ ಎಂದಳು.

ನಮ್ಮ ಅಂಗಳದಲ್ಲಿ ನಿಂತವನು ಎಲ್ಲಿದ್ದಾನೆ ಎಂದು ಹೇಳಲಿಕ್ಕೆ ಸುಮಾರು 20,200 ಕಿ.ಮೀ. ಮೇಲಿರುವ ನಾಲ್ಕು ಉಪಗ್ರಹಗಳಾದರೂ ಬೇಕಂತೆ. ಈ ಉಪಗ್ರಹಗಳ ಒಡೆಯರಾದ ಅಮೆರಿಕದವರು ಮೊದಲು ಬೇಕೆಂದೇ ನೂರು ಮೀಟರಿನವರೆಗೂ ತಪ್ಪು ಬೆರೆಸಿ ಕೊಡುತ್ತಿದ್ದರು. ಅದನ್ನು ನಿಲ್ಲಿಸಿದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಒಳ್ಳೆಯದೇ ಆಯಿತು. ನೂರು ಮೀಟರ್ ಎಂದರೆ ನಾನು ಪಕ್ಕದವರ ಅಡಿಕೆ ತೋಟದ ನಟ್ಟನಡುವೆ ನಿಂತಂತೆ. ಬೇಲಿಯ ತಕರಾರು ಈಗಾಗಲೇ ಒಂದು ಇದೆ.

ಮೊದಲ ದೊಡ್ಡ ಸವಾರಿ, ಮಳೆ ಒಂದು ದಿನ ಬಿಡುವು ಕೊಟ್ಟಾಗ, ದೇವಿಮನೆ ಘಟ್ಟ ಇಳಿದು ಕುಮಟೆಗೆ. ಶಿರಸಿಯಿಂದ ಸುಮಾರು 60 ಕಿ.ಮೀ. ಘಟ್ಟದ ತಿರುವುಗಳಲ್ಲಿ ಈ ಯಂತ್ರ ಒಂದು ಸಣ್ಣ ಕಳ್ಳಾಟ ಆಡುತ್ತದೆ. ಅದು ನಮ್ಮನ್ನು ಎಡೆಬಿಡದೆ ನೋಡುತ್ತಿರುವುದಿಲ್ಲ. ಕ್ಷಣಕ್ಕೊಂದು ಚುಕ್ಕಿ ಇಟ್ಟು, ಚುಕ್ಕಿ ಚುಕ್ಕಿಗೆ ನೇರ ಗೆರೆ ಎಳೆಯುತ್ತದೆ. ಬ್ಯಾಟರಿ ಉಳಿಸಲಿಕ್ಕೆಂದು ಚುಕ್ಕಿಗಳನ್ನು ದೂರದೂರ ಇಡಿಸಿದರಂತೂ ಮುಗಿಯಿತು. ನಾನು ಬ್ರೇಕು ಹಿಡಿದು ತಿರುವು ಸುತ್ತಿ ಬಂದರೆ ಅದು ಕಾಡಿನ ನಡುವೆ ಅಡ್ಡದಾರಿ ಹಿಡಿದಿರುತ್ತದೆ. ಸಾಲದ್ದಕ್ಕೆ ಮೇಲೆ ದಟ್ಟ ಮರ, ಒದ್ದೆ ಎಲೆ, ಒಂದು ಬದಿಗೆ ಗೋಡೆಯಂತೆ ನಿಂತ ಧರೆ. ಮೊದಲೇ ಕ್ಷೀಣವಾದ ಸಿಗ್ನಲ್ಲು ಅವುಗಳಿಗೆ ತಾಗಿ ಎಡವುತ್ತದೆ. ಎರಡು ತರಂಗಾಂತರಗಳಲ್ಲಿ ಕೇಳಿಸಿಕೊಳ್ಳುವ ದುಬಾರಿ ಮಾದರಿಗಳು ಇಂಥ ಜಾಗಕ್ಕೆ ವಾಸಿ.

ಅದಕ್ಕಿಂತ ಅಗ್ಗದ ಉಪಾಯ ಚಕ್ರವನ್ನೇ ಎಣಿಸುವುದು. ಚಕ್ರದ ನಡುವಿನ ಹಬ್ಬಿಗೆ ಕಟ್ಟುವ ಸಣ್ಣ ಸೆನ್ಸರ್ ಸುತ್ತು ಲೆಕ್ಕ ಹಾಕುತ್ತದೆ, ಒಂದು ಸುತ್ತಿಗೆ ಎಷ್ಟು ದೂರ ಎಂದು ನಾವು ಹೇಳಿಕೊಡಬೇಕು. ನನ್ನ ಟಯರಿಗೆ ಪಟ್ಟಿಯಲ್ಲಿ 2,105 ಮಿಲಿಮೀಟರ್ ಎಂದಿತ್ತು. ಆದರೆ ಪಟ್ಟಿ ಬರೆದವರಿಗೆ ನನ್ನ ಹೊಟ್ಟೆ ಗೊತ್ತಿರಲಿಲ್ಲ. ಭಾರಕ್ಕೆ ಟಯರು ಅಮುಕಿದರೆ ಸುತ್ತಿನ ದೂರವೂ ಕಡಿಮೆ. ಹೀಗಾಗಿ ಅಂಗಳದಲ್ಲೇ ಅಳೆದೆವು. ಕವಳದ ಸುಣ್ಣದಲ್ಲಿ ಟಯರಿಗೊಂದು ಬೊಟ್ಟು ಇಟ್ಟು, ನಾನು ಮೇಲೆ ಕುಳಿತು, ಹೆಂಡತಿ ಸೀಟು ಹಿಡಿದು ನೂಕಿದಳು. ನೆಲದಲ್ಲಿ ಬಿದ್ದ ಎರಡು ಬಿಳಿ ಗುರುತುಗಳ ನಡುವೆ ಆಯಿಯ ಹೊಲಿಗೆ ಟೇಪು ಹಿಡಿದರೆ 2,093. ಹನ್ನೆರಡು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಕುಮಟೆ ಮುಟ್ಟುವಷ್ಟರಲ್ಲಿ ಸುಮಾರು 350 ಮೀಟರ್ ಫರಕು. ಈ ತಿಂಗಳಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಸವಾರಿಯಲ್ಲ, ಈ ಅಳತೆ.

ಎತ್ತರದ ಲೆಕ್ಕ ಇನ್ನೂ ತಮಾಷೆ. ಒಳಗೊಂದು ವಾಯುಭಾರಮಾಪಕ ಇದೆ. ಗಾಳಿಯ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಎಂಟೊಂಬತ್ತು ಮೀಟರ್ ಮೇಲೆ ಬಂದೆವು ಎಂದು ಅದರ ತಿಳಿವಳಿಕೆ. ಬೆಟ್ಟ ಹತ್ತುವಾಗ ಅದು ನಿಜ. ಆದರೆ ಮಳೆ ಕವಿದು ಬಂದಾಗಲೂ ಒತ್ತಡ ಇಳಿಯುತ್ತದಲ್ಲ! ಬೆಳಿಗ್ಗೆ ಜಗುಲಿಯಲ್ಲಿ ಚಾಲೂ ಮಾಡಿಟ್ಟು ಮರೆತವನು ಸಂಜೆ ನೋಡಿದರೆ ನಮ್ಮ ಮನೆ ಮೂವತ್ತು ಮೀಟರ್ ಮೇಲಕ್ಕೆ ಹೋಗಿತ್ತು. ಎಲ್ಲರೂ ಒಳಗೇ ಇದ್ದರು, ಯಾರಿಗೂ ಗೊತ್ತಾಗಿರಲಿಲ್ಲ.

ದಾರಿ ತೋರಿಸುವ ನಕ್ಷೆಯ ಬಗ್ಗೆ ಹೇಳದಿರುವುದೇ ಲೇಸು, ಆದರೂ ಒಂದು ಹೇಳುತ್ತೇನೆ. ಹತ್ತಿರದ ದಾರಿ ಎಂದು ಎಡಕ್ಕೆ ತಿರುಗಿಸಿದ್ದನ್ನು ನಂಬಿ ಹೋದೆ. ಮಣ್ಣಿನ ರಸ್ತೆ ಕಾಲುದಾರಿಯಾಯಿತು, ಕಾಲುದಾರಿ ತೋಟದ ಅಂಚಾಯಿತು, ಅಲ್ಲಿಂದ ಮುಂದೆ ಹಳ್ಳ. ಹಳ್ಳದ ಮೇಲೆ ಎರಡು ಅಡಿಕೆ ದಬ್ಬೆ ಹಾಕಿದ ಕಾಲುಸಂಕ. ಪರದೆಯ ಮೇಲೆ ಅದು ಉಳಿದ ರಸ್ತೆಯಷ್ಟೇ ದಪ್ಪದ ಗೆರೆ. ಸೈಕಲ್ ಹೆಗಲಿಗೇರಿಸಿ, ದೇವರ ಹೆಸರು ಹೇಳಿ ದಾಟಿದೆ. ಆ ದಾಟುವಿಕೆಯ ವೇಗ ಗಂಟೆಗೆ 1.4 ಕಿ.ಮೀ. ಎಂದು ಅದು ನಿಷ್ಠೆಯಿಂದ ಬರೆದುಕೊಂಡಿದೆ.

ಹೃದಯಬಡಿತ, ಪವರ್ ಮೀಟರ್, ಹೊಳೆಯುವ ಬಣ್ಣದ ಪರದೆ, ಇವನ್ನೆಲ್ಲ ನಾನು ಮೊದಲೇ ಕೈಬಿಟ್ಟೆ. ಅಂತಿಮವಾಗಿ ತೀರ್ಪು ಕೊಟ್ಟದ್ದು ಚಾಳೀಸು. ಸೈಕಲ್ ಮೇಲೆ ಕನ್ನಡಕ ಬದಲಿಸುತ್ತ ಕೂರಲಾಗದು, ಆದ್ದರಿಂದ ಮೂರೇ ಅಂಕಿ, ಅವು ದೊಡ್ಡದಾಗಿ, ಬಿಸಿಲಿಗೂ ಕಾಣುವಂತೆ. ಕಪ್ಪು ಬಿಳುಪು ಪರದೆ, ಬದಿಗೆ ಗುಂಡಿ, ನೀರಿಗೆ ಹೆದರದ ಮೈ, ಚಕ್ರದ ಸೆನ್ಸರ್ ಜೋಡಿಸಲಿಕ್ಕೆ ಅನುಕೂಲ. ನಕ್ಷೆ ಇಲ್ಲದ್ದನ್ನೇ ಹುಡುಕಿ ತರಿಸಿದೆ. ಅಳಿಯನಿಗೆ ಅವನದ್ದನ್ನು ಹಿಂದಿರುಗಿಸುವಾಗ ಕಾಲುಸಂಕದ ಕೆಸರು ತೊಳೆದಿದ್ದೆ.

ಹೊಸ ಯಂತ್ರ ಬಂದ ದಿನವೇ ಮನೆಯಿಂದ ಡಾಂಬರು ರಸ್ತೆಗೆ ಮೂರು ಸಲ ಹೋಗಿ ಬಂದೆ. ಉಪಗ್ರಹದ ಲೆಕ್ಕ 2.3, ಚಕ್ರದ ಲೆಕ್ಕ 2.4. ಅಪ್ಪಯ್ಯನ ಒಂದೂವರೆ ಮೈಲಿ ಎಂದರೆ ಸರಿಯಾಗಿ 2.4! ಯಾವ ಸೆನ್ಸರ್ ಕಟ್ಟಿಕೊಂಡು ಅಳೆದಿದ್ದನೋ.

ಮಾರನೆಯ ದಿನ ಶಿರಸಿಯಿಂದ ಸಾಮಾನು ಹೊತ್ತು ಬಂದವನು ಆಟೋ ಹತ್ತಿದೆ. ಇಳಿಯುವಾಗ ಲೆಕ್ಕ ಒಪ್ಪಿಸಿದೆ. ಅವನು ಸಿಟ್ಟಾಗಲಿಲ್ಲ.

‘ಭಟ್ರೇ, ಅದು ಸೀದಾ ಹೋದ್ರೆ. ಮಳೆಗಾಲದಲ್ಲಿ ಹೊಂಡ ತಪ್ಪಿಸ್ತಾ ತಪ್ಪಿಸ್ತಾ ಬರೂದ್ರೊಳಗೆ ಮೂರೇ ಆಗ್ತದೆ.’

ಅಡ್ಡಾದಿಡ್ಡಿ ತಿರುಗಿಸಿದಷ್ಟೂ ಚಕ್ರದ ಸುತ್ತು ಹೆಚ್ಚುವುದು ನಿಜ. ನೇರ ಗೆರೆ ಎಳೆಯುವವನು ಅವನಲ್ಲ, ನಾನು. ಮೂರರ ಬಾಡಿಗೆ ಕೊಟ್ಟೆ.