ಖಾಲಿ ತೊಟ್ಟಿಯ ಗಾಡಿ

ಟೆಕ್ಸಾಸಿಗೆ ಬಂದ ಮೇಲೆ ಒಂಬತ್ತು ವರ್ಷ ಪುಟ್ಟ ಕಾರಿನಲ್ಲಿ ಓಡಾಡಿದ ನಾನು ಹತ್ತನೆಯ ವರ್ಷ ಫೋರ್ಡ್ ಎಫ್-150 ಪಿಕಪ್ ಟ್ರಕ್ ಕೊಂಡೆ. ಕಾರಣ ಕೇಳಿದವರಿಗೆ ಹಿತ್ತಿಲಿಗೆ ಮಣ್ಣು ತರಬೇಕೆಂದೋ ಮರದ ಹಲಗೆ ಸಾಗಿಸಬೇಕೆಂದೋ ಹೇಳುತ್ತಾ ಬಂದಿದ್ದೇನೆ. ನಿಜ ಬೇರೆಯೇ ಇದೆ. ರಾತ್ರಿ ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಟ್ರಕ್ಕುಗಳ ದೀಪ ನನ್ನ ಕನ್ನಡಿಯ ತುಂಬ ರಾಚುತ್ತಿದ್ದಾಗ, ಆ ದೀಪದ ಹಿಂದೆ ಕೂತಿರುವವನು ನಾನೇ ಆಗಿದ್ದರೆ ಹೇಗೆ ಎಂಬ ಆಸೆ ಹುಟ್ಟಿತ್ತು.

ಆ ಆಸೆಯ ಉದ್ದ ಹತ್ತೊಂಬತ್ತು ಅಡಿಗೂ ಮಿಗಿಲು, ಕನ್ನಡಿಗಳನ್ನು ಸೇರಿಸಿದರೆ ಅಗಲ ಸುಮಾರು ಎಂಟು ಅಡಿ. ಅಂಗಡಿಗಳ ಮುಂದೆ ಗೆರೆ ಎಳೆದ ಜಾಗದಲ್ಲಿ ನಿಲ್ಲಿಸಿದರೆ ಅದರ ಮೂತಿಯೋ ಬಾಲವೋ ಹೊರಗೇ ಉಳಿಯುವುದರಿಂದ, ದೂರದ ಮೂಲೆಯಲ್ಲಿ ನಿಲ್ಲಿಸಿ ನಡೆದು ಬರುತ್ತೇನೆ. ಗಾಡಿ ದೊಡ್ಡದಾದಷ್ಟೂ ನಡಿಗೆ ಹೆಚ್ಚಿತು. ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿ ಹಿಡಿದು, ಮೇಲೇರಿ ಕುಳಿತರೆ ಸುತ್ತಲಿನ ಕಾರುಗಳ ನೆತ್ತಿ ಕಾಣುತ್ತದೆ. ಆದರೆ ಅಷ್ಟೆತ್ತರದಿಂದ ಬಾನೆಟ್ಟಿನ ಮುಂದೆಯೇ ನಿಂತಿರುವ ಮಗು ಕಾಣುವುದಿಲ್ಲ. ಅದಕ್ಕಾಗಿ, ಕ್ಯಾಮೆರಾ ಇದ್ದರೂ, ಮನೆಯಿಂದ ಹೊರಡುವ ಮುನ್ನ ಅದಕ್ಕೊಂದು ಪ್ರದಕ್ಷಿಣೆ ಹಾಕುವ ರೂಢಿ ಬಂದಿದೆ.

ಕೋಲಾರದ ಕಡೆಯಿಂದ ಬಂದಿದ್ದ ಅಪ್ಪ ಮೊದಲ ದಿನವೇ ಗಾಡಿಯ ಹಿಂದೆ ಹೋಗಿ ನಿಂತು, "ಇದರಲ್ಲಿ ಏನು ಹೇರ್ತೀಯಪ್ಪ?" ಎಂದು ಕೇಳಿದರು. ಊರಿನಲ್ಲಿ ಪಿಕಪ್ ಎಂದರೆ ನಸುಕಿನಲ್ಲೇ ಟೊಮೆಟೊ ಬಾಕ್ಸುಗಳನ್ನು ಪೇರಿಸಿಕೊಂಡು ಮಂಡಿಗೆ ಹೊರಡುವ ಬೊಲೆರೊ. ಖಾಲಿ ನಿಂತರೆ ಬಾಡಿಗೆ ಹೋಯಿತೆಂದೇ ಲೆಕ್ಕ. ನಾನು ಇದರಲ್ಲಿ ಆಫೀಸಿಗೆ ಹೋಗುತ್ತೇನೆಂದೆ. ಅವರು ಏನೂ ಹೇಳಲಿಲ್ಲ. ಹಿಂಬದಿಯ ಹಲಗೆಯನ್ನು ಇಳಿಸಿಕೊಟ್ಟಾಗ ಮಾತ್ರ ಅದರ ಮೇಲೆ ಕೂತು, ಕಾಲು ಇಳಿಬಿಟ್ಟು, ಊರಿನ ಜಗಲಿಯಲ್ಲಿ ಕೂತಂತೆ ಸಂಜೆಯವರೆಗೂ ಬೀದಿ ನೋಡಿದರು.

ಈ ಗಾಡಿ ಹುಟ್ಟಿದ್ದೂ ಹೇರುವುದಕ್ಕೇ. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಅದು ಹೊಲದಿಂದ ನಗರಕ್ಕೆ ಬಂದು ಇಷ್ಟು ಕೊಬ್ಬಿದ್ದರಲ್ಲಿ ಕೋಳಿಯ ಪಾಲೂ ಇದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಯುರೋಪಿನವರು ಸುಂಕ ಏರಿಸಿದ್ದಕ್ಕೆ ಸೇಡಾಗಿ, ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಬ್ರಾಂದಿ, ಆಲೂಗಡ್ಡೆ ಪಿಷ್ಟಗಳ ಜೊತೆಗೆ ಹೊರದೇಶದ ಲಘು ಟ್ರಕ್ಕುಗಳ ಮೇಲೂ ಸುಂಕ ಹೇರಿದರು. ಟ್ರಕ್ಕಿನ ಶೇ. 25ರ ಸುಂಕ ಜಗಳ ಮುಗಿದ ಮೇಲೂ ದಶಕಗಳ ಕಾಲ ಉಳಿದು, ಹೊರಗಿನ ಪೈಪೋಟಿಯನ್ನು ತಡೆದು ನಿಲ್ಲಿಸಿತು. ಈ ಕಥೆ ಕೇಳಿದ ಅಪ್ಪ ಕೋಳಿಗೂ ಗಾಡಿಗೂ ಎಲ್ಲಿಯ ಸಂಬಂಧವೆಂದು ನಕ್ಕರೇ ಹೊರತು ತಮ್ಮ ಪ್ರಶ್ನೆಯನ್ನು ಮರೆಯಲಿಲ್ಲ.

ಟ್ರಕ್ ಬಂದ ಮೇಲೆ ನನ್ನ ಬಂಧುಬಳಗವೂ ಬೆಳೆಯಿತು. ಮನೆ ಬದಲಿಸುವವರು, ಸೋಫಾ ಕೊಂಡವರು, ರಾಜ್ಯೋತ್ಸವದ ಅಡುಗೆ ಪಾತ್ರೆ ಸಾಗಿಸಬೇಕಾದವರು, ಎಲ್ಲರೂ ಮೊದಲು ಕುಶಲ ವಿಚಾರಿಸುತ್ತಾರೆ. ಪೆಟ್ರೋಲು ಯಾರೂ ವಿಚಾರಿಸುವುದಿಲ್ಲ. ಇದಕ್ಕೆಲ್ಲ ಪ್ರತಿಫಲವೆಂದರೆ ಹಳ್ಳಿಗಾಡಿನ ರಸ್ತೆಗಳಲ್ಲಿ ಎದುರಿಗೆ ಬರುವ ಟ್ರಕ್ಕಿನವರು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ಮಾಡುವ ನಮಸ್ಕಾರ. ಕಾರಿನಲ್ಲಿದ್ದಾಗ ನನಗದು ಸಿಕ್ಕಿರಲಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರವೆಂಬಂತೆ ಒಂದು ಶನಿವಾರ ಅವರನ್ನು ಕೂರಿಸಿಕೊಂಡು ಹೋಗಿ, ಆಳೆತ್ತರದ ಕರಿಬೇವಿನ ಗಿಡ ಕೊಂಡು, ತೊಟ್ಟಿಯಲ್ಲಿ ಹಗ್ಗದಿಂದ ಬಿಗಿದು ಹೆದ್ದಾರಿ ಹಿಡಿದೆ. ಮನೆ ತಲುಪುವಷ್ಟರಲ್ಲಿ ಗಾಳಿಯ ಹೊಡೆತಕ್ಕೆ ಎಲೆಗಳೆಲ್ಲ ಉದುರಿ ಬರೀ ಕಡ್ಡಿಗಳು ನಿಂತಿದ್ದವು. ಮರುವಾರ ತಂದ ಚಿಕ್ಕ ಗಿಡವನ್ನು ಅಪ್ಪ ಹಿಂದಿನ ಸೀಟಿನಲ್ಲಿ ಕೂರಿಸಿ ತಾವೇ ಬೆಲ್ಟ್ ಹಾಕಿದರು. ತೊಟ್ಟಿ ಎಂದಿನಂತೆ ಖಾಲಿಯಾಗಿ ಬಂತು.