ಅರ್ಧ ಬೆಲೆಯ ಸಾಹಿತ್ಯ ಸೇವೆ

ನವೆಂಬರ್ ತಿಂಗಳಿನಲ್ಲಿ ಕನ್ನಡಿಗನಿಗೆ ಎರಡು ರೋಗಗಳು ತಪ್ಪದೆ ಬರುತ್ತವೆ. ಒಂದು ನೆಗಡಿ, ಇನ್ನೊಂದು ಸಾಹಿತ್ಯ. ನೆಗಡಿಗಾದರೆ ಕಷಾಯವಿದೆ. ಸಾಹಿತ್ಯಕ್ಕೆ ಮದ್ದಿಲ್ಲ ಎನ್ನುವುದು ಹಾಗಿರಲಿ, ಅದನ್ನು ಉಲ್ಬಣಗೊಳಿಸುವುದಕ್ಕೆಂದೇ ಎಂಬಂತೆ ಕನ್ನಡ ಪುಸ್ತಕ ಪ್ರಾಧಿಕಾರದವರು ರಾಜ್ಯೋತ್ಸವದ ತಿಂಗಳಿನಲ್ಲಿ ಶೇಕಡಾ 50 ರಿಯಾಯಿತಿಯಲ್ಲಿ ಪುಸ್ತಕ ಮಾರುತ್ತಾರೆ. ಅವರನ್ನು ನೋಡಿ ಉಳಿದ ಅಂಗಡಿಯವರೂ ತಮ್ಮ ತಮ್ಮ ಶಕ್ತ್ಯನುಸಾರ ಬೆಲೆ ಇಳಿಸುತ್ತಾರೆ. ಅರ್ಧ ಬೆಲೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮಂಥ ಸಂಬಳದವರಿಗೆ ವಿವೇಕ ನಿಲ್ಲುವುದಿಲ್ಲ. ಅರ್ಧ ಉಳಿಯಿತಲ್ಲ ಎಂಬ ಸಂತೋಷಕ್ಕೆ ಎರಡರಷ್ಟು ಕೊಳ್ಳುತ್ತೇವೆ. ನಾನು ಎರಡು ಕೈಚೀಲ ತುಂಬಿಸಿಕೊಂಡು, ಉಳಿಸಿದ ದುಡ್ಡಿನಲ್ಲಿ ಆಟೋ ಮಾಡಿಕೊಂಡು ಬಂದೆ.

ಹೆಂಡತಿ ಬಾಗಿಲಲ್ಲೇ ನಿಂತು ಚೀಲಗಳನ್ನು ನೋಡಿ, "ತರಕಾರಿ ತಂದಿರಾ?" ಎಂದಳು. ಗೊತ್ತಿಲ್ಲದೆ ಕೇಳಿದ್ದಲ್ಲ.

"ಈ ತಿಂಗಳು ನನಗೆ ಓದುವುದು, ಬರೆಯುವುದು ಬಿಟ್ಟು ಬೇರೆ ಕೆಲಸವಿಲ್ಲ" ಎಂದು ಘೋಷಿಸಿದೆ.

"ಗ್ಯಾಸ್ ಬುಕ್ ಮಾಡುವುದು ಯಾವುದರಲ್ಲಿ ಬರುತ್ತದೆ ರೀ? ಓದುವುದರಲ್ಲೋ, ಬರೆಯುವುದರಲ್ಲೋ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂತಿದ್ದರೆ ಹಳಗನ್ನಡದಲ್ಲಿ ಒಂದು ಓಲೆಗರಿಯೂ ಉಳಿಯುತ್ತಿರಲಿಲ್ಲ. ನಾನು ಸುಮ್ಮನೆ ಒಳಗೆ ಹೋಗಿ ಯೋಜನೆ ಹಾಕಿದೆ. ಆದಿಪುರಾಣವನ್ನು ಮೂರು ತಿಂಗಳಿನಲ್ಲಿಯೂ ಭಾರತವನ್ನು ಆರು ತಿಂಗಳಿನಲ್ಲಿಯೂ ಮುಗಿಸಿದೆನೆಂದು ಪಂಪ ತಾನೇ ಹೇಳಿಕೊಂಡಿದ್ದಾನೆ. ಆ ಲೆಕ್ಕದಲ್ಲಿ ತಿಂಗಳೊಂದಕ್ಕೆ ಮೂರನೇ ಒಂದು ಆದಿಪುರಾಣ. ಪಂಪನಿಗೆ ಕಚೇರಿಯ ವಾರ್ಷಿಕ ತಪಾಸಣೆ ಇರಲಿಲ್ಲವಾದರೂ ಯುದ್ಧಕ್ಕೆ ಹೋಗುವ ಕೆಲಸವಿತ್ತು, ಆದ್ದರಿಂದ ಸರಿಗೆ ಸರಿ. ನಾನು ಅಷ್ಟು ದೊಡ್ಡದಕ್ಕೆ ಕೈ ಹಾಕದೆ ಒಂದು ಸಣ್ಣಕಥೆ ಸಾಕೆಂದು ನಿರ್ಧರಿಸಿದೆ. ಓದುವುದಕ್ಕೆ 'ಮಲೆಗಳಲ್ಲಿ ಮದುಮಗಳು', ಜೊತೆಗೆ ದಿನಕ್ಕೊಂದು ಕಗ್ಗ.

ಕಗ್ಗದಲ್ಲಿರುವ ಪದ್ಯಗಳು 945. ದಿನಕ್ಕೊಂದರಂತೆ ಓದಿದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಎರಡು ವರ್ಷ ಏಳು ತಿಂಗಳು. ಅಧಿಕ ವರ್ಷ ಬಂದರೆ ಒಂದು ದಿನ ಆಚೀಚೆ. ನಡುವೆ ಊರಿಗೆ ಹೋಗುವುದು, ಜ್ವರ, ಮದುವೆ ಸೀಸನ್ನು ಎಲ್ಲ ಕಳೆದು ನೋಡಿದಾಗ ನನ್ನ ನಿವೃತ್ತಿಯ ದಿನಾಂಕವನ್ನೂ ಜೊತೆಗೆ ಲೆಕ್ಕ ಹಾಕಬೇಕೆನಿಸಿತು. ಆ ದಿನ ರಾತ್ರಿ ಭವಿಷ್ಯ ನಿಧಿಯ ಕಾಗದಪತ್ರಗಳನ್ನು ಅಟ್ಟದಿಂದ ಇಳಿಸಿ ಹನ್ನೊಂದು ಗಂಟೆಯವರೆಗೆ ಓದಿದೆ. ತಿಂಗಳ ಓದಿನಲ್ಲಿ ಇಷ್ಟು ಏಕಾಗ್ರತೆಯಿಂದ ಓದಿದ್ದು ಬೇರೆ ಯಾವುದೂ ಇಲ್ಲ.

ಬರೆಯುವ ವಿಷಯಕ್ಕೆ ಬರುತ್ತೇನೆ. ಕುಮಾರವ್ಯಾಸ ತನ್ನ ಹೆಚ್ಚುಗಾರಿಕೆಗಳನ್ನು ಕಾವ್ಯದ ಮೊದಲಿನಲ್ಲೇ ಪಟ್ಟಿ ಮಾಡಿಬಿಟ್ಟಿದ್ದಾನೆ. ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ, ಇನ್ನೊಬ್ಬರ ರೀತಿಯನ್ನು ತೆಗೆದುಕೊಂಡವನಲ್ಲ, ಓಲೆಗರಿಯ ಮೇಲೆ ಬರೆಯುವ ಕಂಠದ, ಎಂದರೆ ಲೋಹದ ಕಡ್ಡಿಯ, ಸದ್ದು ನಿಂತದ್ದೇ ಇಲ್ಲ. ನನ್ನ ಮೊಬೈಲಿನಲ್ಲಿ ಅತಿ ಹೆಚ್ಚು ಸವೆದಿರುವ ಜಾಗ ಅಳಿಸುವ ಗುಂಡಿ ಇರುವ ಮೂಲೆ. 'ಶ್ರಾವಣಿ ಕಿಟಕಿಯ ಬಳಿ ನಿಂತಿದ್ದಳು' ಎಂದು ಬರೆಯುವುದು, ಅಳಿಸುವುದು, 'ನಿಂತುಕೊಂಡಿದ್ದಳು' ಎನ್ನುವುದು, ಅದನ್ನೂ ಅಳಿಸಿ ಅವಳನ್ನು ಕೂರಿಸುವುದು. ಮೊದಲ ವಾರದ ಕೊನೆಗೆ ಶ್ರಾವಣಿಗೆ ಮಂಡಿನೋವು ಬಂದಿರಬೇಕು.

ಕುಮಾರವ್ಯಾಸನ ಬಗ್ಗೆ ಇನ್ನೊಂದು ಪ್ರತೀತಿಯಿದೆಯಲ್ಲ, ಗದುಗಿನ ವೀರನಾರಾಯಣನ ಗುಡಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತಿತ್ತಂತೆ. ಇದನ್ನು ನೆನೆದಾಗ ನನಗೆ ಭಾರಿ ಆಸೆ ಹುಟ್ಟಿತು. ಏಕೆಂದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿ ಬೆಂಗಳೂರಿನ ಆಕಾಶ ಜಿನುಗುತ್ತಲೇ ಇತ್ತು, ನಮ್ಮ ಮನೆಯಲ್ಲಿ ಯಾವ ಬಟ್ಟೆಯೂ ಆರುತ್ತಿರಲಿಲ್ಲ. ನಡುಮನೆಯಲ್ಲಿ ಅಡ್ಡಡ್ಡ ಕಟ್ಟಿದ ಹಗ್ಗದ ಮೇಲೆ ಮಗನ ಜೀನ್ಸ್ ಪ್ಯಾಂಟು ಸೋಮವಾರ ಹೇಗಿತ್ತೋ ಗುರುವಾರವೂ ಹಾಗೆಯೇ ತೂಗುತ್ತಿತ್ತು. ಆ ಪ್ರಮಾಣದ ಒದ್ದೆಯಲ್ಲಿ ಗದುಗಿನಲ್ಲಾಗಿದ್ದರೆ ಹತ್ತು ಪರ್ವದ ಜಾಗದಲ್ಲಿ ಹದಿನೆಂಟೂ ಮುಗಿಯುತ್ತಿದ್ದವು. ಇಲ್ಲಿ ಬಂದದ್ದು ಸೀನು ಮಾತ್ರ.

ಇದರ ಮಧ್ಯೆ ಬಡಾವಣೆಯ ಸಂಘದವರು ಬಂದರು. ಬೆಂಗಳೂರಿನಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಶುರುವಾಗಿ ಆರ್ಕೆಸ್ಟ್ರಾದವರು ಸಿಗುವ ದಿನಾಂಕವನ್ನು ಅನುಸರಿಸಿ ತಿಂಗಳಿಡೀ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. "ಸಾರ್, ನೀವು ಬರೆಯುವವರು. ಅಧ್ಯಕ್ಷರಿಗೆ ಒಂದು ಭಾಷಣ ಬರೆದುಕೊಡಬೇಕು. ಕನ್ನಡ ಉಳಿಸುವುದರ ಬಗ್ಗೆ ಇರಲಿ, ಕೊನೆಯಲ್ಲಿ ನೀರಿನ ಟ್ಯಾಂಕಿನ ವಂತಿಗೆ ಬಾಕಿ ಇರುವವರ ಬಗ್ಗೆಯೂ ಎರಡು ಮಾತು ಬರಲಿ" ಎಂದರು. ಕದಂಬರಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಒಂದೇ ಉಸಿರಿನಲ್ಲಿ ಬರುವುದು ಸುಲಭದ ಕೆಲಸವಲ್ಲ. 1956ರ ಏಕೀಕರಣದ ಹತ್ತಿರ ಒಂದು ತಿರುವು ಕಂಡುಹಿಡಿದು, ಹರಿದು ಹಂಚಿಹೋಗಿದ್ದವರೆಲ್ಲ ಒಂದಾದ ಹಾಗೆ ನಾವೂ ಒಂದಾಗಿ ವಂತಿಗೆ ಕಟ್ಟಬೇಕೆಂದು ಬರೆದೆ. ಚಪ್ಪಾಳೆ ಬಿತ್ತು. ಮರುದಿನ ನಾಲ್ಕು ಮನೆಯವರು ಬಾಕಿ ಕಟ್ಟಿದರೆಂದೂ ಕೇಳಿದೆ. ನನ್ನ ಬರವಣಿಗೆಯಿಂದ ಸಮಾಜದಲ್ಲಿ ಬದಲಾವಣೆ ಆದದ್ದು ಅದೇ ಮೊದಲು, ಆದರೆ ಹೆಸರು ಅಧ್ಯಕ್ಷರದು.

ಕಥೆ ಮುಂದೆ ಹೋಗದಿರುವುದಕ್ಕೆ ಬೆರಳೇ ಕಾರಣ, ಮಾತಿನಲ್ಲಿ ಹೇಳಿ ಬರೆಸಿದರೆ ಸರಾಗವಾಗುತ್ತದೆ ಎಂದು ಮಗ ಸಲಹೆ ಕೊಟ್ಟ. ಮೊಬೈಲಿಗೆ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಶತಪಥ ತಿರುಗುತ್ತಾ ಭಾವಪೂರ್ಣವಾಗಿ ಕಥೆ ಹೇಳಿದೆ. ಕೆಳಗಿಳಿದು ಬಂದು ಓದಿದಾಗ ಹೀಗಿತ್ತು: 'ಶ್ರಾವಣಿಯ ಕಣ್ಣಿನಲ್ಲಿ ನೀರು ತುಂಬಿತು ಅವಳು ತುಟಿ ಕಚ್ಚಿ ಹಿಡಿದು ದಂಟು ಪಾಲಕ್ ಮೆಂತ್ಯ ಕೊತ್ತಂಬರಿ ಹೇಗಪ್ಪಾ ಕಟ್ಟು ಇಪ್ಪತ್ತು ಜಾಸ್ತಿಯಾಯಿತು ಎಂದು ಮೌನವಾಗಿ ಹೊರಟುಹೋದಳು.'

ಕೆಳಗೆ ಸೊಪ್ಪಿನವನು ಬಂದದ್ದೂ ನನ್ನ ಹೆಂಡತಿ ಚೌಕಾಸಿ ಮಾಡಿದ್ದೂ ಎಲ್ಲ ದಾಖಲಾಗಿತ್ತು. ಅಮ್ಮನಿಗೆ ಓದಿ ತೋರಿಸಿದೆ, ನಗಲಿ ಎಂದು. ಅಮ್ಮ ನಗಲಿಲ್ಲ. "ಈಗ ಪರವಾಗಿಲ್ಲ ಕಣೋ. ಆ ಹುಡುಗಿಗೆ ಮೊದಲ ಸಲ ಒಂದು ಸಂಸಾರ ಅಂತ ಬಂತು" ಎಂದಳು.

ಅಮ್ಮನ ವಿಷಯ ಸ್ವಲ್ಪ ಹೇಳಲೇಬೇಕು. 'ಮಲೆಗಳಲ್ಲಿ ಮದುಮಗಳು' ಏಳುನೂರು ಪುಟ ದಾಟಿದ ಕಾದಂಬರಿ. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಕಾಡುದಾರಿಯಲ್ಲಿ ಹೊರಟಿದ್ದಾನೆ. ನಾನೂ ಹಿಂದೆಯೇ ಹೊರಟೆ. ಆದರೆ ಪ್ರತಿ ರಾತ್ರಿ ಮಲಗಿಕೊಂಡು ಓದುವಾಗ ಎರಡನೇ ಪುಟಕ್ಕೆ ಪುಸ್ತಕ ಮೂಗಿನ ಮೇಲೆ ಬೀಳುತ್ತಿತ್ತು, ಮರುದಿನ ಎಲ್ಲಿಗೆ ಬಿಟ್ಟಿದ್ದೆನೆಂದು ತಿಳಿಯದೆ ಮತ್ತೆ ಹಿಂದಿನಿಂದ ಓದುತ್ತಿದ್ದೆ. ಹೀಗಾಗಿ ಗುತ್ತಿ ನನ್ನ ಪಾಲಿಗೆ ಅದೇ ಏರನ್ನು ದಿನವೂ ಹತ್ತುತ್ತಿದ್ದ. ಮೂಗಿಗೆ ಏಟಾಗುವ ಮಟ್ಟಿಗೆ ತೂಕವಿರುವ ಪುಸ್ತಕವನ್ನು ಮಲಗಿ ಓದಬಾರದು. ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಎಂದು ಕುವೆಂಪು ಅವರೇ ಮೊದಲಿಗೆ ಬರೆದಿರುವುದನ್ನು ನಾನು ಒಂದು ಪರವಾನಗಿಯೆಂದೇ ಭಾವಿಸಿದ್ದೆ.

ಒಂದು ದಿನ ಪುಸ್ತಕ ದಿಂಬಿನ ಪಕ್ಕದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಅವರೆಕಾಯಿ ಬುಟ್ಟಿಗೆ ಒರಗಿಸಿಟ್ಟುಕೊಂಡು ಅಮ್ಮ ಓದುತ್ತಿದ್ದಳು. ಕೈ ಅದರ ಪಾಡಿಗೆ ಕಾಯಿ ಸುಲಿಯುತ್ತಿತ್ತು, ಕಣ್ಣು ಪುಟದ ಮೇಲೆ. ಪುಟ ತಿರುಗಿಸುವ ಹೊತ್ತಿಗೆ ಮಾತ್ರ ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುವಳು. ಗುರುತಿಗೆ ಕರಿಬೇವಿನ ಕಡ್ಡಿ. "ನೀನು ಮಲಗಿದ ಮೇಲೆ ಅದು ಸುಮ್ಮನೆ ಬಿದ್ದಿರುತ್ತದಲ್ಲ" ಎಂದಳು. ನಾನು ಮೂಗು ಹಿಡಿದುಕೊಂಡು ಮಲಗಿದ್ದ ರಾತ್ರಿಗಳಲ್ಲಿ ಮತ್ತು ಕಚೇರಿಗೆ ಹೋಗಿದ್ದ ಮಧ್ಯಾಹ್ನಗಳಲ್ಲಿ ಅಮ್ಮ ಅರ್ಧಕ್ಕಿಂತ ಮುಂದೆ ಹೋಗಿಬಿಟ್ಟಿದ್ದಳು. ತಿಂಗಳ ಮೂರನೇ ವಾರದಲ್ಲಿ ಒಂದು ಸಂಜೆ ಕಾಫಿ ಕೊಡುವಾಗ ಅವಳ ಕಣ್ಣು ಕೆಂಪಾಗಿತ್ತು. "ಏನಮ್ಮ?" ಎಂದರೆ, "ಮುಗಿಯಿತು. ಆ ನಾಯಿಯ ವಿಷಯ ಮಾತ್ರ ನನ್ನನ್ನು ಕೇಳಬೇಡ" ಎಂದು ಒಳಗೆ ಹೋದಳು. ನನ್ನ ಓದಿನಲ್ಲಿ ಹುಲಿಯ ಇನ್ನೂ ಬಾಲ ಅಲ್ಲಾಡಿಸುತ್ತಾ ಹೋಗುತ್ತಿದ್ದ. ಆ ಮಾತು ಕೇಳಿದ ಮೇಲೆ ಮುಂದೆ ಓದುವ ಧೈರ್ಯವೇ ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಆದರ್ಶವೂ ಪಂಪನಿಂದ ಕುವೆಂಪು ಅವರಿಗೆ ಬದಲಾಗಿತ್ತು. 'ಶ್ರೀ ರಾಮಾಯಣ ದರ್ಶನಂ' ಬರೆಯುವುದಕ್ಕೆ ಅವರು ಒಂಬತ್ತು ವರ್ಷ ತೆಗೆದುಕೊಂಡರು. ನನ್ನದು ಇನ್ನೂ ಒಂದು ತಿಂಗಳೂ ಆಗಿಲ್ಲ.

ಇಷ್ಟರಲ್ಲಿ ಕಾರ್ತಿಕದ ಕೊನೆಯ ಸೋಮವಾರ ಬಂತು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕಚೇರಿಯಿಂದ ನೇರವಾಗಿ ಹೋಗಿ, ದೊಡ್ಡ ಬಸವಣ್ಣನಿಗೆ ದೂರದಿಂದಲೇ ಕೈಮುಗಿದು, ಬುಲ್ ಟೆಂಪಲ್ ರಸ್ತೆಯ ಜನಜಂಗುಳಿಯಲ್ಲಿ ಅರ್ಧ ಸೇರು ಹುರಿದ ಕಡಲೆಕಾಯಿ ಕೊಂಡೆ. ಕಾಯಿ ತಿನ್ನುತ್ತಾ ತಿನ್ನುತ್ತಾ ಪೊಟ್ಟಣದ ಕಾಗದ ಕಣ್ಣಿಗೆ ಬಿತ್ತು. ಯಾವುದೋ ಹಳೆಯ ವಾರಪತ್ರಿಕೆಯ ಕಥೆಯ ಪುಟ. ವಿಮಲಾ ಎಂಬವಳು ಅರಸೀಕೆರೆ ಜಂಕ್ಷನ್ನಿನಲ್ಲಿ ಟ್ರಂಕಿನ ಮೇಲೆ ಕೂತಿದ್ದಾಳೆ. ಮನೆ ಬಿಟ್ಟು ಬಂದಿದ್ದಾಳೆ, ಏಕೆಂಬುದು ಎಣ್ಣೆಯ ಕಲೆಯಲ್ಲಿ ಮುಚ್ಚಿಹೋಗಿದೆ. ಸೆರಗಿನ ಗಂಟಿನಲ್ಲಿ ಒಂದು ಕಾಗದವಿದೆ. ಕಡೆಗೆ, 'ರೈಲು ಬರುವುದಕ್ಕೂ ಅವಳು ಆ ಕಾಗದವನ್ನು ಬಿಡಿಸುವುದಕ್ಕೂ ಸರಿಹೋಯಿತು. ಅದರಲ್ಲಿ' ಎನ್ನುವಲ್ಲಿಗೆ ಹಾಳೆ ಹರಿದಿತ್ತು.

ಎರಡು ಚೀಲದ ಪುಸ್ತಕಗಳಲ್ಲಿ ಯಾವುದೂ ಕೊಡದ ಚಡಪಡಿಕೆಯನ್ನು ಆ ಅರ್ಧ ಹಾಳೆ ಕೊಟ್ಟಿತು. ಜನರ ನಡುವೆ ಮೊಣಕೈ ಆಡಿಸಿಕೊಂಡು ವಾಪಸು ಹೋಗಿ, "ಇದರ ಉಳಿದ ಚೂರು ಇದೆಯೇನಮ್ಮ?" ಎಂದು ಕೇಳಿದೆ. ಕಡಲೆಕಾಯಿಯವಳು ಕಾಗದವನ್ನೂ ನನ್ನ ಮುಖವನ್ನೂ ನೋಡಿದಳು. ಸಂಜೆಯ ವ್ಯಾಪಾರದಲ್ಲಿ ಎಂಥೆಂಥವರನ್ನೋ ಕಂಡವಳು. "ಇನ್ನೊಂದು ಸೇರು ತೆಗೆದುಕೊಳ್ಳಿ ಸ್ವಾಮಿ, ಸಿಕ್ಕರೂ ಸಿಗಬಹುದು" ಎಂದಳು.

ತೆಗೆದುಕೊಂಡೆ. ಟೆಂಡರ್ ಪ್ರಕಟಣೆ ಬಂತು. ಮತ್ತೆ ತೆಗೆದುಕೊಂಡೆ. ವಾರಭವಿಷ್ಯ ಬಂತು, ತುಲಾ ರಾಶಿಯವರಿಗೆ ಅನಗತ್ಯ ಖರ್ಚು. ಪಕ್ಕದ ತಳ್ಳುಗಾಡಿಯವನ ಕಾಗದ ನೋಡಿಯೇ ಕೊಳ್ಳುತ್ತೇನೆ ಎಂದು ಹಟ ಹಿಡಿದಾಗ ಅವನು ನನ್ನನ್ನು ಯಾವುದೋ ಇಲಾಖೆಯ ತಪಾಸಣೆಯವನೆಂದು ತಿಳಿದು ಪ್ಲಾಸ್ಟಿಕ್ ಕವರುಗಳನ್ನು ಅವಸರದಲ್ಲಿ ಗೋಣಿಚೀಲದ ಅಡಿಗೆ ತಳ್ಳಿದ. ಮನೆಗೆ ಬಂದಾಗ ನಾಲ್ಕು ಜನಕ್ಕೆ ಹತ್ತು ದಿನಕ್ಕಾಗುವಷ್ಟು ಕಡಲೆಕಾಯಿ ಇತ್ತು. ವಿಮಲಾ ಮಾತ್ರ ಅರಸೀಕೆರೆಯಲ್ಲೇ ಇದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು, ಶ್ರಾವಣಿಯನ್ನು ಕಿಟಕಿಯ ಬಳಿಯೇ ಬಿಟ್ಟು, ವಿಮಲಾಳ ಕಥೆಯ ಉಳಿದರ್ಧವನ್ನು ಬರೆದೆ. ಕಂಠದ ಸದ್ದು ನಿಲ್ಲಲಿಲ್ಲ ಎಂದು ಹೇಳಿಕೊಳ್ಳಬಹುದಾದ ರಾತ್ರಿ ಅದೊಂದೇ. ಕಾಗದದಲ್ಲಿ ಕೆಟ್ಟ ಸುದ್ದಿ ಇಟ್ಟೆ, ಮಳೆ ಸುರಿಸಿದೆ, ಕೊನೆಗೆ ಅವಳನ್ನು ರೈಲಿಗೆ ಕೊಟ್ಟೆ. ಅಳಿಸಿದ್ದು ಕಡಿಮೆ. ಬೆಳಿಗ್ಗೆ ಅಮ್ಮ ಕಾಫಿ ಸೋಸುತ್ತಿದ್ದಾಗ ಪಕ್ಕದಲ್ಲಿ ನಿಂತು ಪೊಟ್ಟಣದ ಅರ್ಧವನ್ನೂ ನನ್ನ ಅರ್ಧವನ್ನೂ ಸೇರಿಸಿ ಓದಿದೆ. ಧ್ವನಿ ಸ್ವಲ್ಪ ಗದ್ಗದವಾಯಿತು, ಅದರಲ್ಲಿ ನೆಗಡಿಯ ಪಾಲೂ ಇತ್ತು.

ಅಮ್ಮ ಸೋಸುವುದನ್ನು ನಿಲ್ಲಿಸಿದಳು. "ಅಯ್ಯೋ, ವಿಮಲಾಳನ್ನು ಕೊಂದೆಯಾ? ಆ ಕಥೆ ನಾನು ಓದಿದ್ದೇನೆ ಕಣೋ. ಹಿಂದಿನ ಬಾಡಿಗೆ ಮನೆಯಲ್ಲಿದ್ದಾಗ ಪಕ್ಕದವರು ಪತ್ರಿಕೆ ತರಿಸುತ್ತಿದ್ದರಲ್ಲ, ಅದರಲ್ಲಿ ಬಂದಿತ್ತು."

ನನಗೆ ರೋಮಾಂಚನವಾಯಿತು. "ಹಾಗಾದರೆ ಆ ಹರಿದ ಭಾಗದಲ್ಲಿ ಏನಿತ್ತಮ್ಮ?"

"ಏನಿರುತ್ತದೆ? 'ಮುಂದಿನ ವಾರಕ್ಕೆ' ಅಂತ ಇತ್ತು. ಅದು ಧಾರಾವಾಹಿ. ಮುಂದಿನ ವಾರ ಬರುವಷ್ಟರಲ್ಲಿ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಪತ್ರಿಕೆಯೂ ಅವರ ಜೊತೆಯಲ್ಲೇ ಹೋಯಿತು." ಅಮ್ಮ ಲೋಟಕ್ಕೆ ಕಾಫಿ ಬಗ್ಗಿಸಿ ನನ್ನ ಕೈಗಿಟ್ಟು, ಆ ಎಣ್ಣೆ ಹಾಳೆಯನ್ನು ನನ್ನಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. "ಪರಿಷೆ ಇನ್ನೂ ಎರಡು ದಿನ ಇರುತ್ತದಂತೆ. ಸಂಜೆ ಬರುವಾಗ ಅದೇ ಹೆಂಗಸಿನ ಹತ್ತಿರ ಮೂರು ಸೇರು ತೆಗೆದುಕೊಂಡು ಬಾ. ಅರ್ಧರ್ಧ ಸೇರಾಗಿ ಕಟ್ಟಿಸು."